ಹದಿಮೂರನೇ ಬಾಡಿಗೆ

ಬ್ಯಾಂಕಿನ ಗುಮಾಸ್ತನ ಜೀವನದಲ್ಲಿ ನಗುವಂಥದ್ದು ಏನಿರುತ್ತದೆ ಎಂದು ಕೇಳುವವರಿದ್ದಾರೆ. ಇರುತ್ತದೆ. ಆದರೆ ಅದು ನಡೆಯುತ್ತಿರುವಾಗ ನಗು ಬರುವುದಿಲ್ಲ. ನಗು ಹತ್ತು ವರ್ಷ ಬಿಟ್ಟು ಬರುತ್ತದೆ. ನನ್ನ ಮಟ್ಟಿಗೆ ಇವೆಲ್ಲ ವರ್ಷಕ್ಕೊಮ್ಮೆ, ಬೋನಸ್ ಬರುವ ಕಾಲಕ್ಕೆ ಸರಿಯಾಗಿ ನಡೆಯುತ್ತಿದ್ದವು.

೧. ಸಾವಿನ ಮುಖ

ಜಯನಗರದಲ್ಲಿ ಆಗ ಮನೆಗಳಿಗಿಂತ ಖಾಲಿ ಸೈಟುಗಳೇ ಹೆಚ್ಚು. ನಮ್ಮದು ಆರು ಜನರ ಸಣ್ಣ ಶಾಖೆ. ಬೋನಸ್ ದಿನ ಮ್ಯಾನೇಜರು ಒಬ್ಬೊಬ್ಬರನ್ನೇ ಒಳಗೆ ಕರೆದು, ಬಾಗಿಲು ಹಾಕಿ, ಲಕೋಟೆ ಕೈಗಿಡುತ್ತಿದ್ದರು. "ಹೊರಗೆ ಯಾರಿಗೂ ಹೇಳಬೇಡಿ. ಮುಖದಲ್ಲೂ ತೋರಿಸಬೇಡಿ. ಜನ ಸುಮ್ಮನಿರಲ್ಲ."

ನಾವು ವಿಧೇಯರು. ಲಕೋಟೆ ಜೇಬಿಗಿಟ್ಟುಕೊಂಡು, ತುಟಿ ಬಿಗಿದು, ಕಣ್ಣು ಕೆಳಗೆ ಹಾಕಿ ಹೊರಬರುತ್ತಿದ್ದೆವು. ಕ್ಯಾಷಿಯರಂತೂ ಒಮ್ಮೆ ಕರವಸ್ತ್ರ ತೆಗೆದು ಮೂಗೊರೆಸಿಕೊಂಡರು. ಬಾಗಿಲಲ್ಲಿ ನಿಂತಿದ್ದ ಹೊಸ ಜವಾನ ಇದನ್ನೆಲ್ಲ ನೋಡಿ, ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಡಿದುಕೊಂಡು ನನ್ನ ಹತ್ತಿರ ಬಂದ.

"ಸಾರ್, ಹೆಡ್ಡಾಫೀಸಿನ ದೊಡ್ಡ ಯಜಮಾನ್ರು ಹೋಗ್ಬಿಟ್ರಾ? ನಾಳೆ ರಜಾ ಇರುತ್ತಾ?"

೨. ಮೇಷ್ಟರ ಪ್ರಶ್ನೆ

ಹೊರಗಿನ ಜನ ಎಂದರೆ ನನಗೆ ಒಬ್ಬರೇ: ನಮ್ಮ ಮನೆ ಮಾಲೀಕರು. ನಿವೃತ್ತ ಲೆಕ್ಕದ ಮೇಷ್ಟರು. ಮುಂದಿನ ಭಾಗದಲ್ಲಿ ಅವರು, ಹಿಂದಿನ ಎರಡು ಕೋಣೆಗಳಲ್ಲಿ ನಾವು. ನಡುವೆ ಒಂದೇ ಗೋಡೆ. ಬೋನಸ್ ಸುದ್ದಿ ಆ ಗೋಡೆ ದಾಟಿದರೆ ಬಾಡಿಗೆ ಏರುತ್ತದೆ ಎಂಬ ಭಯ ನನಗೆ. ಮಗುವಿನ ಹಾಲು, ಊರಿಗೆ ಕಳಿಸುವ ದುಡ್ಡು ಕಳೆದು ಸಂಬಳದಲ್ಲಿ ಉಳಿಯುತ್ತಿದ್ದದ್ದು ಅಷ್ಟಕ್ಕಷ್ಟೇ.

ಮೇಷ್ಟರು ಪ್ರತಿ ವರ್ಷ ಜಗಲಿಯಲ್ಲಿ ಕೂತು ಅದೇ ಪ್ರಶ್ನೆ ಕೇಳುತ್ತಿದ್ದರು. "ಬ್ಯಾಂಕಿನೋರಿಗೆಲ್ಲ ಬೋನಸ್ ಕೊಡ್ತಾರಂತಲ್ರೀ? ಮೂವತ್ತೈದು ವರ್ಷ ಮಕ್ಕಳಿಗೆ ಕೂಡೋದು ಕಳೆಯೋದು ಹೇಳ್ಕೊಟ್ಟೋನು ನಾನು. ಅದನ್ನೇ ಕಲ್ತು ನೀವು ಕೂಡ್ತೀರಿ, ಕಳೀತೀರಿ. ಕಲಿಸಿದೋನಿಗೆ ಒಂದು ಶಾಲು, ನಿಂಬೆಹಣ್ಣು. ಕಲಿತೋರಿಗೆ ಬೋನಸ್ಸು. ನೀವು ಮಾಡಿದ್ದೇನು ಅಂತ?"

"ಎಲ್ಲಿಯ ಬೋನಸ್ಸು ಮೇಷ್ಟ್ರೇ" ಎಂದು ಒಳಗೆ ಹೋಗಿಬಿಡುತ್ತಿದ್ದೆ.

"ನೋಡು, ಪಾಪ," ಎಂದು ಅವರು ಹೆಂಡತಿಗೆ ಹೇಳುವುದು ಗೋಡೆಯಾಚೆಯಿಂದ ಕೇಳಿಸುತ್ತಿತ್ತು. "ಅವನಿಗೆ ಮಾತ್ರ ಕೊಟ್ಟಿಲ್ಲ. ಕೆಲಸದಲ್ಲಿ ಮಂದ ಅಂತ ಕಾಣುತ್ತೆ."

೩. ಉಬ್ಬಸ

ಒಂದು ವರ್ಷ ಬೋನಸ್ಸೇ ಮೂರು ತಿಂಗಳ ಸಂಬಳದಷ್ಟು ಬಂತು. ನನ್ನ ಹೆಂಡತಿ ಪ್ರೆಷರ್ ಕುಕ್ಕರ್ ಬೇಕೆಂದಳು. ಆಗ ಅದು ಹೊಸ ವಸ್ತು. ನಮ್ಮ ಬೀದಿಯಲ್ಲಿ ಯಾರ ಮನೆಯಲ್ಲೂ ಇರಲಿಲ್ಲ. ಬೆಡ್‌ಷೀಟಿನಲ್ಲಿ ಸುತ್ತಿ ಮನೆಗೆ ತಂದೆ. ಬಚ್ಚಿಡಬಹುದು ಎಂದುಕೊಂಡಿದ್ದೆ. ಅದು ಕೂಗುತ್ತದೆ ಎಂಬುದು ಅಂಗಡಿಯಲ್ಲಿ ಹೊಳೆದಿರಲಿಲ್ಲ.

ಮೊದಲ ಸೀಟಿಗೇ ಮೇಷ್ಟರು ಹಿತ್ತಲಿನಿಂದ ಕೂಗಿದರು. "ಏನಮ್ಮಾ ಅದು ಸದ್ದು?"

ಹೆಂಡತಿ ಗಾಬರಿಯಲ್ಲಿ, "ಇವರಿಗೆ ಉಬ್ಬಸ, ಮೇಷ್ಟ್ರೇ" ಎಂದುಬಿಟ್ಟಳು.

ಮೇಷ್ಟರು ಒಳ್ಳೆಯ ಮನುಷ್ಯರು. ಮಾರನೆಯ ದಿನದಿಂದ ಆಡುಸೋಗೆ ಸೊಪ್ಪಿನ ಕಹಿ ಕಷಾಯ ತಾವೇ ಕಾಯಿಸಿ ತಂದು, ನಾನು ಕುಡಿದು ಮುಗಿಸುವವರೆಗೆ ಎದುರಿಗೆ ನಿಲ್ಲುತ್ತಿದ್ದರು. ಒಂಬತ್ತು ದಿನ ಕುಡಿದೆ. ನಾಲಿಗೆಗೆ ಅನ್ನದ ರುಚಿಯೂ ತಿಳಿಯದಾಯಿತು. ಕುಕ್ಕರಿನ ಅನ್ನ ಹೇಗಿರುತ್ತದೆಂದು ನನಗೆ ಗೊತ್ತಾಗಲೇ ಇಲ್ಲ.

ಹತ್ತನೆಯ ದಿನ ಸಂಜೆ ಬ್ಯಾಂಕಿನಿಂದ ಬಂದೆ. ಮೇಷ್ಟರು ಗೇಟಿನಲ್ಲೇ ಕಾಯುತ್ತಿದ್ದರು. ಕೈಯಲ್ಲಿ ಲೋಟ ಇರಲಿಲ್ಲ.

"ಒಂದು ಸಂದೇಹ. ಇವತ್ತು ಹನ್ನೊಂದು ಗಂಟೆಗೆ ನಿಮಗೆ ಮೂರು ಸಲ ಉಬ್ಬಸ ಬಂತು. ಆಗ ನೀವು ಬ್ಯಾಂಕಿನಲ್ಲಿ ಇದ್ರಲ್ಲ?"

೪. ಸಾಲು

ಆಗ ನನ್ನ ಬಾಯಿಂದ ಬಂದ ಮಾತನ್ನು ನೆನೆದರೆ ಈಗಲೂ ಬೆವರುತ್ತೇನೆ. ಕುಕ್ಕರ್ ಮಾವ ಕೊಟ್ಟದ್ದು ಎಂದೆ. ಅಷ್ಟಕ್ಕೇ ನಿಲ್ಲಿಸಬೇಕಿತ್ತು. "ಬೋನಸ್ ಮಾತು ಬಿಡಿ ಮೇಷ್ಟ್ರೇ, ಈ ಸಲ ನಮ್ಮ ಬ್ಯಾಂಕಿನ ಸ್ಥಿತೀನೇ ಸರಿಯಿಲ್ಲ. ಮುಂದಿನ ತಿಂಗಳ ಸಂಬಳ ಬಂದರೆ ಪುಣ್ಯ" ಎಂದುಬಿಟ್ಟೆ.

ಮೇಷ್ಟರು ಒಳಗೆ ಹೋದರು. ಬಾಡಿಗೆ ಉಳಿಯಿತು ಎಂದು ನಾನು ನೆಮ್ಮದಿಯಾಗಿ ಮಲಗಿದೆ. ಅವರ ನಿವೃತ್ತಿಯ ಹಣವೆಲ್ಲ, ಮಗಳ ಮದುವೆಗೆಂದು ತೆಗೆದಿಟ್ಟದ್ದು, ನಮ್ಮ ಬ್ಯಾಂಕಿನಲ್ಲೇ ಇತ್ತು. ಅರ್ಜಿ ತುಂಬಿಕೊಟ್ಟವನು ನಾನೇ. ಭಯದಲ್ಲಿ ಅದೇ ಮರೆತುಹೋಗಿತ್ತು.

ಬೆಳಿಗ್ಗೆ ಬ್ಯಾಂಕಿನ ಬೀದಿಗೆ ತಿರುಗಿದರೆ ಸಾಲು. ಮೊದಲಿಗೆ ಕೊಡೆ ಹಿಡಿದ ಮೇಷ್ಟರು. ಅವರ ಹಿಂದೆ ಅವರ ಭಾವಿ ಬೀಗರು, ಹಾಲಿನವನು, ಹೋಟೆಲಿನವರು, ಯಾಕೆ ನಿಂತಿದ್ದೇವೆಂದು ಗೊತ್ತಿಲ್ಲದ ಇನ್ನೂ ನಲವತ್ತು ಜನ. ಬಾಗಿಲು ತೆರೆದ ಹತ್ತೇ ನಿಮಿಷಕ್ಕೆ ಹಣ ತೆಗೆಯುವವರಿಗೆ ಕೊಡುವ ಹಿತ್ತಾಳೆ ಟೋಕನ್ನುಗಳು ಮುಗಿದವು. ಸೈಟು ಮಾಡುವವರಿಗೆ ಹೊಲ ಕೊಟ್ಟು ಬಂದ ಹಣ ನಮ್ಮಲ್ಲಿಟ್ಟಿದ್ದ ಜರಗನಹಳ್ಳಿಯ ಗೌಡರೊಬ್ಬರು ಕೌಂಟರಿನ ಸರಳು ಹಿಡಿದು ನಿಂತಿದ್ದರು.

"ನನ್ ದುಡ್ಡು ಕೊಟ್ಬುಡಿ ಸ್ವಾಮಿ, ಹಸ ತಗೋತೀನಿ. ಹಸ ಮುಳುಗಾಕಿಲ್ಲ."

ಮ್ಯಾನೇಜರ ಮುಖ ಬೆಳ್ಳಗಾಗಿತ್ತು. ಪೆಟ್ಟಿಗೆಯಲ್ಲಿದ್ದ ಹಣ ಮಧ್ಯಾಹ್ನದವರೆಗೂ ಸಾಲದು. "ಬ್ಯಾಂಕ್ ಮುಳುಗುತ್ತೆ ಅಂತ ನಿಮಗೆ ಹೇಳಿದ್ದಾದರೂ ಯಾರು?" ಎಂದು ಕೇಳಿದರು.

ಮೇಷ್ಟರು ಕೊಡೆಯ ತುದಿಯನ್ನು ನನ್ನ ಕಡೆ ಚಾಚಿದರು. "ನಿಮ್ಮವರೇ. ಬೋನಸ್ಸೂ ಕೊಟ್ಟಿಲ್ಲವಂತೆ."

ಕೆಲಸ ಹೋಯಿತು ಎಂದುಕೊಂಡೆ. ಮ್ಯಾನೇಜರು ನನ್ನನ್ನೇ ನೋಡಿದರು. ಆಮೇಲೆ ಒಂದು ಸ್ಟೂಲು ತರಿಸಿದರು. "ಹತ್ತಿ. ಬೋನಸ್ ಎಷ್ಟು ಬಂತು ಅಂತ ಹೇಳಿ. ಕೂಗಿ ಹೇಳಿ."

ಹತ್ತಿದೆ. "ಮೂರು ತಿಂಗಳ ಸಂಬಳ" ಎಂದೆ.

"ಕೇಳಿಸ್ಲಿಲ್ಲ!" ಎಂದರು ಹಿಂದಿನವರು.

"ಮೂರು ತಿಂಗಳ ಸಂಬಳ!"

ಮೊದಲು ಬಾಯಿ ಬಿಟ್ಟವರು ಗೌಡರು. "ನೆಳ್ಳಲ್ಲಿ ಕುಂತ್ಕಂಡು ಬರೆಯಾಕೆ ಮೂರು ತಿಂಗಳ್ದಾ? ನಡೀರ್ಲಾ ಮನೇಗೆ. ಇಂಗೆ ಎರಚೋವಷ್ಟು ಐತೆ ಅಂದ್ರೆ ಈ ಬ್ಯಾಂಕು ಎಲ್ಲಿ ಮುಳುಗ್ತದೆ?"

ಬಯ್ಯುತ್ತಲೇ ಸಾಲು ಕರಗಿತು. ಮೇಷ್ಟರು ಟೋಕನ್ ಹಿಂದಿರುಗಿಸಿ, ನನ್ನ ಕಡೆ ನೋಡದೆ ಹೋದರು. ನನ್ನ ಕೆಲಸವೂ ಉಳಿಯಿತು. ಬೋನಸ್ ಮುಚ್ಚಿಡಿ ಎಂದದ್ದು ತಾವೇ ಎಂಬುದು ಹೆಡ್ಡಾಫೀಸಿಗೆ ತಿಳಿದೀತೆಂದು ಮ್ಯಾನೇಜರಿಗೂ ಭಯವಿತ್ತು.

ಸಂಜೆ ಮನೆಗೆ ಹೋಗಲು ಕಾಲು ಬರಲಿಲ್ಲ. ಎರಡು ಸುತ್ತು ಬಳಸಿ ಹೋದೆ. ಮೇಷ್ಟರು ಜಗಲಿಯಲ್ಲಿದ್ದರು. ಪಕ್ಕದಲ್ಲಿ ಕಷಾಯದ ಲೋಟ.

"ಕುಡೀರಿ. ಇವತ್ತು ನಿಜವಾಗ್ಲೂ ಉಬ್ಬಸ ಬಂದಿರುತ್ತೆ."

ಕುಡಿದೆ.

"ರಾತ್ರಿಯೆಲ್ಲ ನಾನೂ ನಮ್ಮ ಮನೆಯವಳೂ ಕಣ್ಣು ಮುಚ್ಚಿಲ್ಲ. ಮಗಳ ಮದುವೆ ದುಡ್ಡು ಕಣ್ರೀ ಅದು."

"ತಪ್ಪಾಯ್ತು ಮೇಷ್ಟ್ರೇ. ಬಾಡಿಗೆ ಎಷ್ಟು ಏರಿಸ್ತೀರೋ ಏರಿಸಿ."

"ಛೆ, ಛೆ. ಬಾಡಿಗೆ ಏರಿಸೋದು ಅನ್ಯಾಯ. ವರ್ಷಕ್ಕೆ ಹನ್ನೆರಡು ಬಾಡಿಗೆ ಕೊಡ್ತಿದ್ದೀರಿ, ಕೊಡ್ತಾ ಇರಿ. ಜೊತೆಗೆ ಹದಿಮೂರನೇದು ಒಂದು ಕೊಡಿ. ಅದು ನನ್ನ ಬೋನಸ್ಸು."

ನಾನು ಬಾಯಿ ತೆರೆಯುವ ಮೊದಲೇ ಮೇಷ್ಟರು ಬೆರಳೆತ್ತಿದರು.

"ಅದಕ್ಕೆ ನಾನು ಮಾಡಿದ್ದೇನು ಅಂತ ಕೇಳಬೇಡಿ. ನೀವು ಮಾಡಿದಷ್ಟೇ ನಾನೂ ಮಾಡಿದ್ದೀನಿ."