ಅಣುಸ್ಥಾವರವೂ ಈರಮ್ಮನ ಕುಕ್ಕರೂ

“ಒಂದು ವಾಲ್ವಿಗೆ ಎಷ್ಟು ಮಂದಿ ತಪಾಸಣಿ ಮಾಡಬೇಕು ಅಂತೀನಿ! ನಾವು ಮಾಡ್ತೀವಿ, ಗಿರಾಕಿ ಮಾಡ್ತಾನ, ಮ್ಯಾಲ ಸರ್ಕಾರದವ್ರು ಬಂದು ಮತ್ತ ಮೊದಲಿಂದ ಮಾಡ್ತಾರ. ಹಿಂಗಾದ್ರ ದೇಶಕ್ಕ ಕರೆಂಟ್ ಯಾವಾಗ ಬರಬೇಕು?”

ಔರಂಗಾಬಾದಿನ ತನ್ನ ಅಡುಗೆಮನೆಯ ಹೊಸ್ತಿಲಲ್ಲಿ ನಿಂತು ಮನ್ಮಥಪ್ಪ ಗುಡುಗುತ್ತಿದ್ದ. ಶೇಂದ್ರಾದ ಕಾರ್ಖಾನೆಯಲ್ಲಿ ಅಣುಸ್ಥಾವರಗಳಿಗೆ ವಾಲ್ವ್ ಮಾಡುವ ವಿಭಾಗದ ಸೂಪರ್‌ವೈಸರ್ ಅವನು. ‘ಅಣುವಿದ್ಯುತ್ತಿಗೆ ಸರ್ಕಾರದ ಕಟ್ಟುಪಾಡು ಅತಿಯಾಗಿದೆ’ ಎಂದು ಕನ್ನಡ ಸಂಘದ ಚರ್ಚೆಯಲ್ಲಿ ವಾದಿಸುವವನಿದ್ದ. ತಾಲೀಮಿಗೆ ಸಿಕ್ಕ ಸಭೆಯೆಂದರೆ ಹೆಂಡತಿ ಈರಮ್ಮ ಒಬ್ಬಳೇ.

ಅವಳ ಸಂಕಟ ಬೇರೆ. ಗಂಡ ಕೆಲಸದಿಂದ ಬಂದು ನೋಡದ ಹೊರತು ಕುಕ್ಕರ್ ಇಡಕೂಡದೆಂಬುದು ಈ ಮನೆಯ ಕಾನೂನು. ಅವನು ಬಂದು, ನೋಡಿ, ಅದು ಕೂಗಿ ಇಳಿಯುವಷ್ಟರಲ್ಲಿ ಓಣಿಯ ಸಾವಿತ್ರಿಬಾಯಿಯ ಮನೆಯ ಸೋಮವಾರದ ವಚನ ಹಾಡಿಕೆ ಮುಗಿದೇ ಹೋಗಿರುತ್ತಿತ್ತು. ಹಾಡುವ ಆಸೆಗೆ ಪಾಪ, ಅವಳ ಗಂಟಲು ತುರಿಸುತ್ತಿತ್ತು. ಇವತ್ತೂ ಸೋಮವಾರವೇ.

“ಖರೇ ಅದರಿ. ಬಲ್ಲವರ ಕೈ ಕಟ್ಟಬಾರದು.”

“ಶಾಣ್ಯಾಕಿ! ವರ್ಷಾನುಗಟ್ಲೆ ಅದ ಕೆಲಸ ಮಾಡಿದವ್ರ ಮ್ಯಾಲ ನಂಬಿಗಿ ಇಡಬೇಕು.”

“ಇಡಬೇಕ್ರಿ. ನಾನೂ ಮದಿವ್ಯಾದಾಗಿಂದ ಅಡಿಗಿ ಮಾಡ್ತೀನಿ.”

“ನಡುವ ಅಡಿಗಿ ಮಾತು ಯಾಕ? ಕೇಳು. ಎಲ್ಲೋ ಜಪಾನದಾಗ ಸ್ಥಾವರ ಕೆಟ್ಟಿತಂತ ಇಲ್ಲಿ ನಮ್ಮನ್ನ ಹಿಡಿದು ಜಗ್ಗಿದ್ರ ಹ್ಯಾಂಗ? ಎತ್ತಿಗೆ ಜ್ವರ ಬಂದ್ರ ಎಮ್ಮಿಗೆ ಬರಿ!”

“ಅದಽ ಅಂತೀನ್ರಿ ನಾನೂ. ಹೋದ ವರ್ಷ ಕುಕ್ಕರ್ ಸಿಡಿದು ಬ್ಯಾಳಿ ಛತ್ತಿಗೆ ಬಡಿದಿತ್ತಲ್ಲ, ಆವಾಗ ನಾ ಎಲ್ಲಿದ್ದೆ?”

ಮನ್ಮಥಪ್ಪ ತಲೆಯೆತ್ತಿ ಮಾಳಿಗೆಯ ಹಳದಿ ಕಲೆ ನೋಡಿದ.

“ಭಾಲ್ಕಿಗೆ... ತವರುಮನಿಗೆ ಹೋಗಿದ್ದಿ.”

“ಕುಕ್ಕರ್ ಇಟ್ಟವ್ರು?”

“ನಾನ.”

“ಬರಿ ಎಳಿಸಿಕೊಂಡ ಎಮ್ಮಿ ಇಲ್ಲಿ ನಿಂತದ ನೋಡ್ರಿ!”

“ಅಲ್ಲ ಮಾರಾಯ್ತಿ, ಕುಕ್ಕರಂದ್ರ ಪ್ರೆಶರ್ ಇರ್ತದ. ಜೀವದ ಮಾತು!”

“ಅಯ್ಯ, ಅಣುಸ್ಥಾವರದಾಗೇನು ಮಣ್ಣಿನ ಗಡಗಿ ಇಡ್ತಾರೇನ್ರಿ?”

ಈರಮ್ಮ ಬೇಳೆ ತುಂಬಿದ ಕುಕ್ಕರನ್ನು ಒಲೆಗೇರಿಸಿ, ಗಂಡನ ಮುಖ ನೋಡುತ್ತಲೇ ಉರಿ ಹಚ್ಚಿದಳು.

“ಏ ಏ! ಗ್ಯಾಸ್ಕೆಟ್ ನೋಡಿಲ್ಲ! ಸೀಟಿ ತೂತು ಬೆಳಕಿಗೆ ಹಿಡಿದಿಲ್ಲ!”

“ಎಲ್ಲಾ ನಾ ನೋಡೀನಿ.”

“ನೀ ನೋಡಿದ್ರ ಸಾಲಂಗಿಲ್ಲ! ಮಾಡಿದವ್ರ ನೋಡಿದ್ರ ಅದು ತಪಾಸಣಿ ಅಲ್ಲ, ಇನ್ನೊಬ್ಬರು ನೋಡಬೇಕು!”

ಆಡಿದ ಮಾತು ತನ್ನ ಕಿವಿಗೇ ಬಿದ್ದು ಮನ್ಮಥಪ್ಪ ನಾಲಿಗೆ ಕಚ್ಚಿಕೊಂಡ. ಕುಕ್ಕರ್ ಸುಂಯ್ ಎಂದಿತು. ಅವನು ಬಾಗಿಲ ಹಿಂದೆ ಸರಿದ. ಸೀಟಿ ಹೊಡೆಯಿತು. ಬೇಳೆ ಕುಕ್ಕರ್ ಬಿಟ್ಟು ಎಲ್ಲಿಗೂ ಹೋಗಲಿಲ್ಲ.

ಬಾಗಿಲ ಹಿಂದಿನಿಂದಲೇ ಸಣ್ಣ ದನಿ ಬಂತು.

“ಸಂಘದ ಸುಧಾಕರಗ ಫೋನ್ ಮಾಡ್ತೀನಿ. ಕಟ್ಟುಪಾಡು ಬೇಕಽ ಬೇಕು ಅನ್ನೋರ ಕಡಿ ಮಾತಾಡ್ತೀನಿ.”

“ಮಾಡ್ರಿ. ಖಾಲಿ ಆದ ನಿಮ್ಮ ಜಾಗಕ್ಕ ನನ್ನ ಹೆಸರು ಬರಸ್ರಿ.”

ಈರಮ್ಮ ಸೆರಗು ಸರಿಮಾಡಿಕೊಂಡು ಚಪ್ಪಲಿ ಮೆಟ್ಟಿದಳು.

“ಎಲ್ಲಿಗೆ ಹೊಂಟಿ? ಕುಕ್ಕರ್?”

“ಸಾವಿತ್ರಿಬಾಯಿ ಮನಿಗೆ, ಹಾಡಲಿಕ್ಕೆ. ಇನ್ನೊಬ್ಬರು ನೋಡಬೇಕಂದ್ರಲ್ಲ, ನೋಡ್ಕೋತ ನಿಂದರ್ರಿ!”