ಹೊಂಗೆ ನೆರಳಿನ ವೀಳ್ಯ

ಆ ಭಾನುವಾರ ಮರಿಯಯ್ಯ ಬೆಳಗಿನಿಂದಲೇ ತನ್ನ ಎರಡು ಕೈಗಳನ್ನೂ ಕಂಕುಳಲ್ಲಿ ಅಡಗಿಸಿಕೊಂಡು ಓಡಾಡುತ್ತಿದ್ದ. ಕಾಫಿ ಕೊಟ್ಟರೆ "ಅಲ್ಲಿಡು" ಎನ್ನುತ್ತಿದ್ದ. ಯಾರಾದರೂ ನಮಸ್ಕಾರ ಹಾಕಿದರೆ ಗಡ್ಡ ಎತ್ತಿ ಗಡ್ಡದಲ್ಲೇ ತಿರುಗಿ ಹಾಕುತ್ತಿದ್ದ. ಮೂಗಿನ ಮೇಲೆ ನೊಣ ಕೂತರೂ ಕೈ ಆಚೆ ಬರಲಿಲ್ಲ. ಕೆಳತುಟಿ ಮುಂದೆ ಮಾಡಿ ಉಫ್ ಎಂದು ಊದಿ ಓಡಿಸಿದ.

ಕಾರಣ, ಅವನ ಅಣ್ಣನ ಮಗ ರೇವಣಸಿದ್ದ ಎರಡು ವೀಳ್ಯದೆಲೆ, ಒಂದು ಅಡಿಕೆ ಹಿಡಿದುಕೊಂಡು ಅವನ ಬೆನ್ನ ಹಿಂದೆಯೇ ಸುತ್ತುತ್ತಿದ್ದ.

ಹಿನಕಲ್ಲಿನ ಅವರ ಕುಲದಲ್ಲಿ ಪದ್ಧತಿಯೇ ಹಾಗೆ. ಯಜಮಾನನ ಎದುರು ಮಾತಾಡಿ ವೀಳ್ಯ ನೀಡಿದಾಗ ಕೈಯೊಡ್ಡಿ ತೆಗೆದುಕೊಂಡರೆ ಒಪ್ಪಿದ ಹಾಗೆ. ಆಮೇಲೆ ತಲೆಕೆಳಗಾಗಿ ನಿಂತರೂ ಮಾತು ಬದಲಾಯಿಸುವಂತಿಲ್ಲ. ಹೆಣ್ಣು ಕೊಡುವುದು, ಬದುವಿನ ಜಗಳ ತೀರಿಸುವುದು, ಎಲ್ಲ ಹೀಗೇ. ರಿಜಿಸ್ಟ್ರಾರ್ ಆಫೀಸಿನ ಸಹಿ ಗಿಹಿ ಎಲ್ಲ ಅದರ ಹಿಂದೆ ಬಾಲದಂತೆ ಬರುತ್ತಿತ್ತು.

ಹಿನಕಲ್ಲನ್ನು ಮೈಸೂರು ನುಂಗಿ ಎಷ್ಟೋ ಕಾಲವಾಗಿತ್ತು. ನುಂಗುವಾಗ ಹಲ್ಲಿನ ಸಂದಿಗೆ ಸಿಕ್ಕಿಕೊಂಡ ನಾರಿನಂತೆ, ಮೂರಂತಸ್ತಿನ ಮನೆಗಳ ನಡುವೆ ಒಂದು ತುಂಡು ನೆಲ ಉಳಿದಿತ್ತು. ಅದು ರೇವಣಸಿದ್ದನ ತಾತನದು. ಮುಂದೆ ಟಾರು ರಸ್ತೆ. ಹಿಂದಿನ ಮೂಲೆಯಲ್ಲಿ ಹೊಂಗೆಮರ. ಮರದ ಬುಡದಲ್ಲಿ ತಾತನನ್ನು ಮಣ್ಣು ಮಾಡಿದ ಗುಡ್ಡೆ, ಅದರ ಮೇಲೆ ಸುಣ್ಣ ಬಳಿದ ಪುಟ್ಟ ಕಟ್ಟೆ. ಹಿರಿಮಗ ತೀರಿಕೊಂಡಿದ್ದರಿಂದ ಅವನ ಪಾಲಿಗೆ ರೇವಣಸಿದ್ದ, ಎರಡನೆಯವನು ಮರಿಯಯ್ಯ, ಕಿರಿಯವಳು ಬೀರಮ್ಮ. ನೆಲ ಮೂವರದೂ ಹೌದು, ಯಾವ ತುಂಡು ಯಾರದು ಎಂಬುದು ಮಾತ್ರ ಇತ್ಯರ್ಥವಾಗಿರಲಿಲ್ಲ.

ರೇವಣಸಿದ್ದ ಬನ್ನಿಮಂಟಪದ ವೆಲ್ಡಿಂಗ್ ಶೆಡ್ಡಿನಲ್ಲಿ ಕೂಲಿಗಿದ್ದ. ಮೈಸೂರಿನ ಅದೆಷ್ಟು ಮನೆಗಳಿಗೆ ಗೇಟು ಮಾಡಿ ಕೂರಿಸಿದ್ದನೋ! ನೂಕಿಕೊಂಡು ಒಳಗೆ ಹೋಗಲು ತನ್ನದು ಎಂಬ ಒಂದು ಗೇಟಿರಲಿಲ್ಲ. ಈಗ ಶೆಡ್ಡಿನ ಮಾಲೀಕ ವ್ಯವಹಾರ ಬಿಡುವವನಿದ್ದ. "ಭಾನುವಾರ ಸಂಜೆ ಒಳಗೆ ಹೇಳ್ಬುಡು. ಇಲ್ಲಾಂದ್ರೆ ಬೇರೆಯವರಿಗೆ ಕೊಡ್ತೀನಿ" ಎಂದಿದ್ದ. ಅಂದಿನಿಂದ ರೇವಣಸಿದ್ದನಿಗೆ ನಿದ್ದೆಯಿಲ್ಲ. ಕಣ್ಣು ಮುಚ್ಚಿದರೆ ತನ್ನ ಹೆಸರಿನ ಬೋರ್ಡು, ಅದರ ಕೆಳಗೆ ನೀಲಿ ಕಿಡಿಗಳ ಮಳೆ. ಕಣ್ಣು ತೆರೆದರೆ ಕಂಕುಳಲ್ಲಿ ಕೈ ಇಟ್ಟ ಚಿಕ್ಕಪ್ಪ.

ತನ್ನ ಪಾಲಿನ ನೆಲ ಮಾರಿದರೆ ಶೆಡ್ಡು ಕೊಳ್ಳುವ ದುಡ್ಡು ಹುಟ್ಟುತ್ತಿತ್ತು. ನೆಲಕ್ಕೆ ಗಿರಾಕಿಯೂ ಸಿಕ್ಕಿದ್ದರು. ಅಗ್ರಹಾರದ ನಂಜುಂಡಯ್ಯ, ರಿಟೈರಾದ ಮೇಷ್ಟ್ರು. ಆದರೆ ಅವರದು ಒಂದೇ ಹಟ: "ಜಂಟಿ ಆಸ್ತಿ ನೋಡಪ್ಪ. ಮೂರು ಜನಾನೂ ಒಪ್ಪಿ ಪಾಲು ಬಿಡಿಸಿಕೊಂಡ್ರೆ ಮಾತ್ರ ನಾನು. ಕೋರ್ಟು ಹತ್ತೋ ವಯಸ್ಸಲ್ಲ ನಂದು."

ಅದಕ್ಕೇ ಆ ದಿನ ಎಲ್ಲರೂ ನೆಲದ ಮೇಲೆ ಸೇರಿದ್ದು. ಎದುರುಮನೆ ಚಲುವಮ್ಮ ಕರೆಯದೆಯೇ ಪ್ಲಾಸ್ಟಿಕ್ ಕುರ್ಚಿಗಳನ್ನು ಹೊತ್ತು ತಂದು, ಒಂದರ ಮೇಲೆ ತಾನೇ ಮೊದಲು ಕೂತಳು. ಕುಲದ ಯಜಮಾನ ಮಹದೇವಯ್ಯ ಟವೆಲ್ ಕೊಡವಿ ಕಲ್ಲಿನ ಮೇಲೆ ಕೂತ.

ರೇವಣಸಿದ್ದ ಗಂಟಲು ಸರಿಮಾಡಿಕೊಂಡ. "ಯಜಮಾನ್ರೇ, ಎಲ್ಲರ ಮುಂದೆ ಕೇಳ್ತಿದೀನಿ. ವೀಳ್ಯ ಕೈಗೆ ಬಂದ ಮೇಲೆ ಯಾರಾದ್ರೂ ಇಲ್ಲ ಅನ್ನಬೌದಾ?"

"ಅನ್ನಂಗಿಲ್ಲ."

"ನಿದ್ದೆಗಣ್ಣಲ್ಲಿ ತಗೊಂಡೆ, ಮರೆತು ತಗೊಂಡೆ ಅಂದ್ರೆ?"

"ಕೈ ಒಡ್ಡಿದ ಮೇಲೆ ಮುಗೀತು ಕಣಪ್ಪ. ಅದನ್ನ ಬ್ಯಾರೆ ಕೇಳ್ಬೇಕಾ?"

"ಎಲ್ಲಾ ಕೇಳಿಸ್ಕೊಂಡ್ರಲ್ಲ?" ಎಂದು ರೇವಣಸಿದ್ದ ಸುತ್ತ ನೋಡಿದ. ಮರಿಯಯ್ಯ ಕೈಗಳನ್ನು ಇನ್ನಷ್ಟು ಒಳಕ್ಕೆ ಸೇರಿಸಿಕೊಂಡ.

"ಚಿಕ್ಕಪ್ಪ, ರಸ್ತೆ ಕಡೆ ಪಾಲು ನಂಗೆ ಬುಟ್ಟುಬುಡು. ಹಿಡಿ ವೀಳ್ಯ."

"ಬುಡಾನ. ಅಪ್ಪನ ಗುಡ್ಡೆ ಯಾರ್ ನೋಡ್ಕೋತಾರೆ? ಅದ್ಕೆ ಉತ್ತರ ಹೇಳು ಮೊದ್ಲು. ದೀಪ ಹಚ್ಚೋದು, ಎಡೆ ಇಡೋದು ಹಿರಿಮಗನ ಮನೆಯವರು. ನೀನು ಮಾರ್ಕೊಂಡು ಬನ್ನಿಮಂಟಪಕ್ಕೆ ಓಗ್ಬುಡ್ತೀಯ."

"ನೀನೇ ನೋಡ್ಕೋ."

"ಆಹಾ! ರಸ್ತೆ ನಿಂಗೆ, ಗುಡ್ಡೆ ನಂಗೆ!"

"ರಸ್ತೆ ಕಡೇದು ನಂದು" ಎಂದು ಬೀರಮ್ಮ ನಡುವೆ ಬಾಯಿ ಹಾಕಿದಳು. "ಎಣ್ಣೆಂಗಸು ಅಂತ ಮೂಲೇಗೆ ತಳ್ಳಂಗಿಲ್ಲ ಕಣ್ಲಾ. ಅಣ್ಣ ಕೈ ಚಾಚಿದ್ರೆ ನಾನೂ ಚಾಚ್ತೀನಿ. ಇಲ್ದಿದ್ರೆ ಇಲ್ಲ." ಹೇಳಿ, ತನ್ನ ಎರಡು ಕೈಗಳನ್ನೂ ತೊಡೆಯ ಕೆಳಗಿಟ್ಟು ಅವುಗಳ ಮೇಲೆ ಕೂತುಬಿಟ್ಟಳು.

ಚಲುವಮ್ಮ ರೇವಣಸಿದ್ದನನ್ನು ಪಕ್ಕಕ್ಕೆ ಎಳೆದಳು. "ದಡ್ಡ ಕಣೋ ನೀನು. ದೇವ್ರ ಪ್ರಸಾದ ಅಂತ ಕೊಡು. ಪ್ರಸಾದಕ್ಕೆ ಕೈ ಒಡ್ಡದೆ ಇರ್ತಾರಾ? ಕೆಳಗೆ ಎಲೆ ಇರ್ಲಿ, ಮೇಲೆ ರಸಾಯನ."

ರಸಾಯನ ಅವಳ ಮನೆಯಿಂದಲೇ ಬಂತು. ರೇವಣಸಿದ್ದ ಭಕ್ತಿಯಿಂದ ನೀಡಿದ. ಮರಿಯಯ್ಯ ಒಂದು ಗಳಿಗೆ ಎಲೆಯನ್ನೂ ಅಣ್ಣನ ಮಗನ ಮುಖವನ್ನೂ ನೋಡಿದ. ಆಮೇಲೆ ಸೊಂಟ ಬಗ್ಗಿಸಿ, ಗೊಂತಿಗೆ ಬಾಯಿ ಹಾಕಿದ ಕರುವಿನಂತೆ ಬರೀ ಬಾಯಲ್ಲೇ ರಸಾಯನವನ್ನೆಲ್ಲ ನೆಕ್ಕಿ, ಎಲೆಯನ್ನು ಹಾಗೇ ಬಿಟ್ಟ. "ಏಲಕ್ಕಿ ಒಸಿ ಜಾಸ್ತಿ ಆಯ್ತು" ಎಂದ.

ರೇವಣಸಿದ್ದನಿಗೆ ಮೈ ಉರಿಯಿತು. "ಹಾವು!" ಎಂದು ಕಿರುಚಿದ. ಬೆಚ್ಚಿಬಿದ್ದಾಗಲಾದರೂ ಕೈ ಆಚೆ ಬರಬಹುದು, ತುರುಕಿಬಿಡೋಣ ಎಂಬ ಲೆಕ್ಕ. ನಂಜುಂಡಯ್ಯನವರು ಚಪ್ಪಲಿ ಬಿಟ್ಟು ರಸ್ತೆಗೇ ಓಡಿದರು. ಚಲುವಮ್ಮ ಯಜಮಾನನನ್ನು ತಬ್ಬಿಕೊಂಡಳು. ಮರಿಯಯ್ಯ ಮಾತ್ರ ಕೈ ಕಟ್ಟಿಕೊಂಡೇ ಕುರ್ಚಿಯ ಮೇಲೆ ಹಾರಿ, ಕಂಬದ ಮೇಲಿನ ಗೂಬೆಯಂತೆ ನಿಂತು ಕೇಳಿದ: "ಎಲ್ಲಿ?"

ಮಧ್ಯಾಹ್ನವಾಯಿತು. ಬಿಸಿಲಿಗೆ ಹೆದರಿ ಎಲ್ಲರೂ ಹೊಂಗೆಯ ಕೆಳಕ್ಕೆ ಸರಿದರು. ಚಲುವಮ್ಮ ಮುದ್ದೆ, ಉಪ್ಸಾರು ತಂದಳು. ಬೀರಮ್ಮ ಮನಸ್ಸಿಲ್ಲದೆ ಒಂದು ಕೈ ಮಾತ್ರ ಆಚೆ ತೆಗೆದು, ಅಣ್ಣನಿಗೆ ತುತ್ತು ಮುರಿದು ಬಾಯಿಗೆ ಹಾಕಿದಳು. ನಂಜುಂಡಯ್ಯನವರು ಮನೆಯಿಂದ ತಂದಿದ್ದ ಮೊಸರನ್ನದ ಡಬ್ಬಿ ಬಿಚ್ಚಿದರು.

ಆ ಮರಕ್ಕೊಂದು ಗುಣವಿತ್ತು. ಸುತ್ತಲಿನ ಮನೆಗಳ ಸಂದಿಯಲ್ಲಿ ನುಸುಳಿ ಬಂದ ಗಾಳಿ ಅದರ ಎಲೆಗಳೊಳಗೆ ಹೊಕ್ಕು ತಣ್ಣಗಾಗಿ, ಯಾರೋ ತಲೆ ಸವರಿದ ಹಾಗೆ ಕೆಳಗಿಳಿಯುತ್ತಿತ್ತು. ಹೊಂಗೆಹೂವು ಒಂದೊಂದಾಗಿ ಸದ್ದಿಲ್ಲದೆ ಉದುರುತ್ತಿತ್ತು. ರಸ್ತೆಯ ಹಾರನ್ನುಗಳೂ ಅಲ್ಲಿಗೆ ಬರುವಷ್ಟರಲ್ಲಿ ಎಲ್ಲೋ ದೂರದ ಊರಿನ ದನದ ಗಂಟೆಗಳಂತೆ ಕೇಳುತ್ತಿದ್ದವು. ಬೈದಾಡಲು ಬಂದವರ ಬೈಗುಳ ಬಾಯಲ್ಲೇ ಮೆತ್ತಗಾಗುತ್ತಿತ್ತು.

ಮೊದಲು ಯಜಮಾನ ಉರುಳಿದ. ಬೀರಮ್ಮ ಅಣ್ಣನನ್ನು ಬೈಯುತ್ತ ಬೈಯುತ್ತ ಅವನ ಭುಜಕ್ಕೇ ಒರಗಿದಳು. ನಂಜುಂಡಯ್ಯನವರು ಡಬ್ಬಿಯ ಮುಚ್ಚಳ ಹಾಕುವುದನ್ನು ಅರ್ಧಕ್ಕೇ ಬಿಟ್ಟು ಗೊರಕೆ ಶುರುಮಾಡಿದರು. ಕೊನೆಗೆ ಮರಿಯಯ್ಯನ ತಲೆಯೂ ವಾಲಿತು.

ರೇವಣಸಿದ್ದ ಉಸಿರು ಬಿಗಿಹಿಡಿದು ನೋಡುತ್ತಿದ್ದ. ಚಿಕ್ಕಪ್ಪನ ಬಲಗೈ ಕಂಕುಳಿನಿಂದ ಮೆಲ್ಲಗೆ ಜಾರಿತು. ಮಡಿಲಿಗೆ ಬಿತ್ತು. ಅಂಗೈ ಮೇಲಾಗಿ, ಬೆರಳು ಬಿಚ್ಚಿ, ತಾವರೆಯಂತೆ ಅರಳಿತು.

ಅವನು ಎಲೆ ಅಡಿಕೆ ಎತ್ತಿಕೊಂಡು ಬೆಕ್ಕಿನಂತೆ ಹತ್ತಿರ ಹೋದ. ಇಡಬೇಕು, ಅಷ್ಟರಲ್ಲಿ ನೆನಪಾಯಿತು: ಯಜಮಾನ ನೋಡಬೇಕು! ಯಜಮಾನ ಬಾಯಿ ತೆರೆದು ಮಲಗಿದ್ದ. ಕೂಗಿ ಎಬ್ಬಿಸಿದರೆ ಚಿಕ್ಕಪ್ಪನೂ ಏಳುತ್ತಾನೆ. ತಾನಾಗಿಯೇ ಏಳಲಿ, ಇನ್ನೇನು ಎದ್ದಾನು ಎಂದುಕೊಂಡು ವೀಳ್ಯವನ್ನು ಪಕ್ಕದಲ್ಲಿಟ್ಟು ತಾತನ ಕಟ್ಟೆಗೆ ಬೆನ್ನು ಕೊಟ್ಟು ಕೂತ. ಎಷ್ಟೋ ದಿನದ ನಿದ್ದೆ ಅವನಿಗಾಗಿ ಅಲ್ಲೇ ಕಾದು ಕೂತಿತ್ತು.

ಬನ್ನಿಮಂಟಪದ ಶೆಡ್ಡು. ಸೂರಿನಿಂದ ನೀಲಿ ಕಿಡಿಗಳು ಹೊಂಗೆಹೂವಿನಂತೆ ನಿಧಾನಕ್ಕೆ ಉದುರುತ್ತಿವೆ, ಮೈಮೇಲೆ ಬಿದ್ದರೂ ಸುಡುತ್ತಿಲ್ಲ. ಗೋಡೆಯುದ್ದಕ್ಕೂ ಅವನದೇ ಗೇಟುಗಳು, ನೂಕದಿದ್ದರೂ ತೆರೆದುಕೊಳ್ಳುತ್ತಿವೆ. ಒಂದು ಗೇಟಿನೊಳಗಿಂದ ತಾತ ಬಂದ, ಹೆಗಲ ಮೇಲೆ ಕಂಬಳಿ. "ಇದು ನಿನ್ನ ಪಾಲು ಕಣ್ಲಾ ಮಗ. ಒಪ್ಪಾ?"

"ಒಪ್ಪಿದೆ ತಾತ! ಒಪ್ಪಿದೆ!" ಎಂದು ರೇವಣಸಿದ್ದ ಎರಡೂ ಕೈ ಒಡ್ಡಿದ. ತಾತ ಕೊಟ್ಟದ್ದನ್ನು ಕಣ್ಣಿಗೊತ್ತಿಕೊಂಡ.

ಚಪ್ಪಾಳೆ ಕೇಳಿ ಎಚ್ಚರವಾಯಿತು.

ಬಿಸಿಲು ಇಳಿದಿತ್ತು. ಎಲ್ಲರೂ ಅವನ ಸುತ್ತ ನಿಂತು ನಗುತ್ತಿದ್ದರು. ಅವನ ಎರಡು ಅಂಗೈಗಳ ನಡುವೆ ಎರಡು ವೀಳ್ಯದೆಲೆ, ಒಂದು ಅಡಿಕೆ ಇತ್ತು. ಎದುರಿಗೆ ಮರಿಯಯ್ಯ. ಅವನ ಕೈಗಳು ಎರಡೂ ಆಚೆ ಇದ್ದವು, ಬೆಳಗಿನಿಂದ ಕಟ್ಟಿಹಾಕಿದ್ದ ಹಸುಗಳನ್ನು ಬಿಟ್ಟ ಹಾಗೆ ಆರಾಮಾಗಿ ಆಡುತ್ತಿದ್ದವು.

"ಏನಾಯ್ತು?" ಎಂದ ರೇವಣಸಿದ್ದ.

"ಗುಡ್ಡೆ, ಮರ ಇರೋ ಹಿಂದಿನ ಪಾಲು ಹಿರಿಮಗನ ಮನೆಗೆ, ಒಪ್ಪಾ ಅಂತ ನಿಮ್ಮ ಚಿಕ್ಕಪ್ಪ ಕೇಳ್ದ" ಎಂದ ಯಜಮಾನ. "ಒಂದಲ್ಲ, ಎರಡು ಸಲ ಒಪ್ಪಿದೆ ಅಂದೆ."

"ಕಣ್ಣಿಗೆ ಒತ್ಕೊಂಡು ತಗೊಂಡೆ ಕಣೋ!" ಚಲುವಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. "ತಾತ ತಾತ ಅಂತ ಕರ್ದೆ. ಕರುಳು ಚುರುಕ್ ಅಂತು."

"ನಾನು ನಿದ್ದೆಗಣ್ಣಲ್ಲಿ..." ಎಂದವನು ಯಜಮಾನನ ಮುಖ ನೋಡಿ ಅಲ್ಲಿಗೇ ನಿಲ್ಲಿಸಿದ. ಆದರೂ ಸಮಾಧಾನಕ್ಕೆ ಒಂದೇ ಒಂದು ಎಳೆ ಉಳಿದಿತ್ತು. "ಆಯ್ತು. ನಂದೂ ಹೋಯ್ತು, ನಿಮ್ಮದೂ ಬಿದ್ದಿರ್ಲಿ ಹಿಂಗೇ. ಚಿಕ್ಕಪ್ಪ ಎಂಗೂ ಮಾರಲ್ಲ."

"ನಾನು ಮಾರಲ್ಲ ಅಂದಿದ್ನೇನ್ಲಾ?" ಮರಿಯಯ್ಯ ನಿಜವಾಗಿಯೂ ಆಶ್ಚರ್ಯಪಟ್ಟ. "ಅಪ್ಪನ ಗುಡ್ಡೆ ಯಾರ್ ನೋಡ್ಕೋತಾರೆ ಅಂದಿದ್ದೆ. ಈಗ ನೀನಿದ್ದೀಯಲ್ಲ! ನಂದೂ ಬೀರಂದೂ ಮೇಷ್ಟ್ರಿಗೆ ಕೊಟ್ಬುಟ್ವಿ. ನೀನು ಮಲಗಿದ್ದಾಗ್ಲೇ ನಿನ್ನ ಎಲೇಲೇ ಆ ವೀಳ್ಯನೂ ಆಯ್ತು, ಆಮೇಲೆ ಅದನ್ನೇ ನಿನ್ ಕೈಗೆ ಕೊಟ್ಟಿದ್ದು."

ನಂಜುಂಡಯ್ಯನವರು ಮುಖ ತೊಳೆದು ಹತ್ತು ವರ್ಷ ಚಿಕ್ಕವರಂತೆ ಕಾಣುತ್ತಿದ್ದರು. "ಅಗ್ರಹಾರದಲ್ಲಿ ಕಿಟಕಿ ಕೆಳಗೇ ಬೈಕು, ಪಕ್ಕದ ಮನೆ ಮಿಕ್ಸಿ. ಹೀಗೆ ನಿದ್ದೆ ಮಾಡಿ ಎಷ್ಟು ಕಾಲ ಆಯ್ತೋ! ಆ ನೆರಳು ಬೀಳೋ ಕಡೆಗೇ ಮಲಗೋ ಕೋಣೆ ಕಟ್ಟಿಸ್ತೀನಿ. ಮರ ಮಾತ್ರ ಕಡಿಬೇಡಪ್ಪ."

"ನನ್ನ ಜಾಗಕ್ಕೆ ದಾರಿ?"

"ನಮ್ಮ ಮನೆ ಪಕ್ಕದಲ್ಲೇ ಹಾದು ಬಂದು ದೀಪ ಹಚ್ಚಿ ಹೋಗು. ಬೇಡ ಅಂತೀನಾ? ಬರೋ ಮುಂಚೆ ಗೇಟು ತಟ್ಟಿದ್ರೆ ಸಾಕು." ಅವರಿಗೆ ಏನೋ ಹೊಳೆಯಿತು. "ಅಂದ ಹಾಗೆ, ಗೇಟು ಕೆಲಸ ನಿಂದೇ ಅಲ್ವೇ? ಗಟ್ಟಿಯಾಗಿ ಒಂದು ಮಾಡಿಕೊಡು. ನಿಮ್ಮ ಮಾಲೀಕರಿಗೆ ನಾನೇ ಹೇಳ್ತೀನಿ. ಹಳಬರಿಗಾದ್ರೂ ಸರಿ, ಹೊಸಬರಿಗಾದ್ರೂ ಸರಿ."

ರೇವಣಸಿದ್ದನಿಗೆ ನೆತ್ತಿಯವರೆಗೂ ರಕ್ತ ಏರಿತು. ಚಿಕ್ಕಪ್ಪನನ್ನು, ಅತ್ತೆಯನ್ನು, ಮೇಷ್ಟ್ರನ್ನು, ರಸಾಯನದ ಚಲುವಮ್ಮನನ್ನು, ಕಟ್ಟೆಯಡಿಯ ತಾತನನ್ನೂ ಸೇರಿಸಿ ಮೈಸೂರೇ ನಡುಗುವಂತೆ ಬೈದುಬಿಡಬೇಕೆಂದು ಎದೆತುಂಬ ಉಸಿರೆಳೆದು, ಬಾಯಿ ಅಗಲಿಸಿದ.

ಹೊಂಗೆಯ ಗಾಳಿ ಮೆಲ್ಲಗೆ ಬಂದು ತಲೆ ಸವರಿತು.

ಆಕಳಿಕೆ ಬಂತು.