ಖಾನಾಪುರದಲ್ಲಿ ಸೂರ್ಯ ಕಾಯುತ್ತಾನೆ

ಸುಳ್ಳು ಸಾಕ್ಷಿಯನ್ನು ಗುರುತಿಸುವುದು ಅಂಥ ಕಷ್ಟದ ಕೆಲಸವೇನಲ್ಲ. ಸುಳ್ಳು ಹೇಳುವವನಿಗೆ ಎಲ್ಲವೂ ಚೊಕ್ಕವಾಗಿ ನೆನಪಿರುತ್ತದೆ. ನಿಜ ಹೇಳುವವನು ತಡವರಿಸುತ್ತಾನೆ. ಬೆಳಗಾವಿಯ ಕೋರ್ಟಿನಲ್ಲಿ ವಕೀಲಿಕೆ ಮಾಡಿ ನಾನು ಕಲಿತದ್ದು ಇಷ್ಟೇ. ಈ ವಿದ್ಯೆ ನಮ್ಮ ಹೊಟ್ಟೆ ಹೊರೆಯಿತು, ಇಲ್ಲವೆನ್ನುವುದಿಲ್ಲ. ಆದರೆ ಅದನ್ನೇ ಮನೆಗೆ ತಂದು ಮಕ್ಕಳಿಗೆ ಉಣಿಸಲು ಹೋದಾಗ ಆದ ಫಜೀತಿಯನ್ನು ನೆನೆದರೆ ಈಗಲೂ ಒಬ್ಬನೇ ಕೂತು ನಗುತ್ತೇನೆ. ನಕ್ಕಾಗಲೆಲ್ಲ ಆ ಕಾಲದ ಸಂಜೆಗಳು ಬಂದು ಎದುರಿಗೆ ಕೂಡುತ್ತವೆ.

ಇಂಗ್ಲಿಷರ ಕಾಲ, ಸಾವಿರದ ಒಂಬೈನೂರ ಇಪ್ಪತ್ತರ ದಶಕದ ಮಾತು. ಆಗ ನಾವು ಬೆಳಗಾವಿಗೆ ಅಂಟಿಕೊಂಡೇ ಇರುವ ಶಹಾಪುರದಲ್ಲಿದ್ದೆವು. ಓಣಿಯ ಎರಡೂ ಬದಿಗೆ ನೇಕಾರರ ಮಗ್ಗಗಳು. ಅವುಗಳ ಸದ್ದು ನಮಗೆ ಎಷ್ಟು ಒಗ್ಗಿ ಹೋಗಿತ್ತೆಂದರೆ, ಸದ್ದು ನಿಂತರೆ ಎಚ್ಚರವಾಗುತ್ತಿತ್ತು. ನಮ್ಮದು ಜೈನರ ಮನೆ. ಹೊತ್ತು ಮುಳುಗುವುದರೊಳಗೆ ಊಟ ಮುಗಿಯಬೇಕು. ಈ ನಿಯಮ ದೊಡ್ಡವರಿಗೆ ಧರ್ಮ, ಮಕ್ಕಳಿಗೆ ಶಿಕ್ಷೆ. ಓಣಿಯ ಉಳಿದ ಹುಡುಗರು ಚಿಣಿಫಣಿ ಆಡುತ್ತಿರುವಾಗಲೇ ನನ್ನ ಮಗಳು ಪದ್ಮಾವತಿಯನ್ನೂ ಅವಳ ತಮ್ಮ ಭರಮನನ್ನೂ ಎಳೆದು ತಂದು ತಾಟಿನ ಮುಂದೆ ಕೂಡಿಸಬೇಕಾಗಿತ್ತು. ಭರಮನಂತೂ ಒಂದು ತುತ್ತನ್ನು ಒಂದು ದವಡೆಯಿಂದ ಇನ್ನೊಂದು ದವಡೆಗೆ ವರ್ಗ ಮಾಡುವುದರಲ್ಲೇ ಸೂರ್ಯನನ್ನು ಮುಳುಗಿಸಿಬಿಡುತ್ತಿದ್ದ.

ಇದಕ್ಕೆ ಪರಿಹಾರವಾಗಿ ಬಂದವಳು ನನ್ನ ಸೋದರತ್ತೆ ಚಂದ್ರವ್ವ. ಎಳೆಯ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು ಖಾನಾಪುರದ ತವರುಮನೆಗೆ ಮರಳಿದವಳು. ತಾಯಿಯಿಲ್ಲದ ನನ್ನನ್ನು ಸಾಕಿದವಳೂ ಅವಳೇ. ಮಕ್ಕಳಿಗೆ ಅವಳು ಆಯಿ. ಅವಳು ಬಂದು ನಮ್ಮಲ್ಲಿ ನೆಲೆಸಿದ ಮೇಲೆ ಊಟದ ಹೊತ್ತು ಹಬ್ಬವಾಯಿತು.

"ನಮ್ಮ ಖಾನಾಪುರದ ಸೂರ್ಯ ಭಾಳ ಸಂಭಾವಿತ," ಎಂದು ಅವಳು ಶುರು ಮಾಡುತ್ತಿದ್ದಳು. "ಹುಡುಗೂರು ಉಣ್ಣೂದು ಆಗಿಲ್ಲಂದ್ರ ಗುಡ್ಡದ ಮ್ಯಾಲ ಕುಂತು ಕಾಯತಾನ. ಕಡೀ ತುತ್ತು ಒಳಗ ಹೋತು ಅಂದಮ್ಯಾಲೇನ ಇಳೀತಾನ. ಈ ಬೆಳಗಾವಿ ಸೂರ್ಯಾಗ ಸಂಸ್ಕಾರ ಇಲ್ಲ. ಕೋರ್ಟಿನ ಪಟ್ಟೇವಾಲಾ ಇದ್ದಂಗ, ವೇಳ್ಯಾ ಆತಂದ್ರ ಬಾಗಲಾ ಹಾಕ್ಕೊಂಡು ಹೊಂಟಬಿಡತಾನ. ಲಗೂ ಉಣ್ರಿ!"

ಮಕ್ಕಳು ಲಗುಬಗೆಯಿಂದ ಉಣ್ಣುತ್ತಿದ್ದರು. ನನ್ನ ಹೆಂಡತಿ ರತ್ನವ್ವ ನೆಮ್ಮದಿಯ ಉಸಿರು ಬಿಡುತ್ತಿದ್ದಳು. ಎಲ್ಲವೂ ಹೀಗೇ ಸಾಗಬಹುದಿತ್ತು. ಆದರೆ ಒಂದು ದಿನ ಬಟ್ಟೆ ಪೇಟೆಯ ಅಂಗಡಿಯೊಂದರಲ್ಲಿ ಪದ್ಮಾವತಿಯ ಸಾಲಿ ಮಾಸ್ತರರು ಸಿಕ್ಕರು. ಅವರ ಮುಖದ ತುಂಬ ನಗು.

"ವಕೀಲರ, ನಿಮ್ಮ ಮಗಳು ಭೂಗೋಳಕ್ಕ ಹೊಸಾ ಕಲಮು ಹಾಕ್ಯಾಳ್ರಿ. ಸೂರ್ಯ ಯಾವಾಗ ಮುಳುಗತಾನ ಅಂತ ಕೇಳಿದ್ರ, 'ಬೆಳಗಾವಿಯೊಳಗ ಸಂಜೀಕ ರೀ, ಖಾನಾಪುರದಾಗ ನಮ್ಮ ಭರಮನ ಊಟ ಆದಮ್ಯಾಲೆ' ಅಂದ್ಳು!"

ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ಪುರಾವೆಯಿಲ್ಲದೆ ಒಂದು ಮಾತನ್ನೂ ಒಪ್ಪದ ವಕೀಲನ ಮಗಳು ಹೀಗೆ! ನನ್ನ ಮಾನವೇ ಹೋದಂತಾಯಿತು. ಮನೆಗೆ ಬಂದವನೇ ಮಕ್ಕಳಿಬ್ಬರನ್ನೂ ಕೂಡಿಸಿಕೊಂಡು ಪಾಠ ಶುರು ಮಾಡಿದೆ. ಯಾರು ಏನೇ ಹೇಳಲಿ, ಮೂರು ಪ್ರಶ್ನೆ ಕೇಳಬೇಕು: ನೀವು ಕಣ್ಣಾರೆ ನೋಡಿದ್ದೀರಾ? ಇಲ್ಲದಿದ್ದರೆ ಯಾರು ಹೇಳಿದರು? ಅಂಥದ್ದು ಆಗುವುದು ಸಾಧ್ಯವೇ? ಈ ಮೂರನ್ನೂ ದಾಟಿ ಬಂದದ್ದು ಖರೇ, ಉಳಿದದ್ದೆಲ್ಲ ಕಟ್ಟುಕಥೆ.

ಮಕ್ಕಳಿಗೆ ಈ ಆಟ ಬಹಳ ಹಿಡಿಸಿತು. ಮೊದಲ ಏಟು ನನಗೇ ಬಿತ್ತು. ಖರೇ ಸಂಗತಿಯೊಂದರ ಉದಾಹರಣೆ ಕೊಡೋಣವೆಂದು, "ನಮ್ಮ ಶಹಾಪುರ ಸಾಂಗಲಿ ಸಂಸ್ಥಾನದ್ದು, ನಾನು ಹೋಗೋ ಕೋರ್ಟು ಇಂಗ್ಲಿಷರದ್ದು. ದಿನಾ ನಾನು ಒಂದು ರಾಜ್ಯದಿಂದ ಇನ್ನೊಂದು ರಾಜ್ಯಕ್ಕ ಹೋಗಿ ಬರ್ತೀನಿ," ಎಂದೆ. ಇದು ಅಪ್ಪಟ ಸತ್ಯವಾಗಿತ್ತು. ಭರಮ ಬೀದಿಯ ತುದಿಯವರೆಗೂ ಹೋಗಿ ನೋಡಿಕೊಂಡು ಬಂದು, "ಅಲ್ಲೇ ಗೆರಿನೂ ಇಲ್ಲ, ಗೋಡಿನೂ ಇಲ್ಲ. ಒಂದ ಎಮ್ಮಿ ಮಲಗೇತಿ. ಸುಳ್ಳ!" ಎಂದು ತೀರ್ಪು ಕೊಟ್ಟ. ನಾನು ಮೇಲ್ಮನವಿಗೆ ಹೋಗಲಿಲ್ಲ.

ಎರಡನೆಯ ಏಟು ಇನ್ನೂ ಜೋರಾಗಿತ್ತು. ಹೊಲದ ತಕರಾರು ಹಿಡಿದುಕೊಂಡು ಬಂದ ಗೌಡರೊಬ್ಬರಿಗೆ, "ಚಿಂತೀ ಬಿಡ್ರಿ, ನಿಮ್ಮ ದಾವೆ ಗೆದ್ದಂಗ," ಎಂದು ನಾನು ಧೈರ್ಯ ಹೇಳುತ್ತಿದ್ದೆ. ಬಾಗಿಲ ಬಳಿ ನಿಂತ ಪದ್ಮಾವತಿ ಕೇಳಿದಳು: "ಗೆದ್ದದ್ದು ನೀ ನೋಡೀಯೇನಪಾ?" ಗೌಡರು ನನ್ನನ್ನೊಮ್ಮೆ, ಅವಳನ್ನೊಮ್ಮೆ ನೋಡಿ, "ಕೂಸು ಶಾಣೇ ಐತಿ," ಎಂದು ಎದ್ದು ಹೋದರು. ಆಮೇಲೆ ಅವರು ಇನ್ನೊಬ್ಬ ವಕೀಲರ ಮನೆಯ ಮೆಟ್ಟಿಲಲ್ಲಿ ಕಂಡರು.

ಆಗಲಾದರೂ ನಾನು ನಿಲ್ಲಿಸಬೇಕಿತ್ತು. ನಿಲ್ಲಿಸಲಿಲ್ಲ. ಒಂದು ಸಂಜೆ ಅತ್ತೆ ಅನ್ನ ಕಲಸುತ್ತ, ಮಲಪ್ರಭೆಯ ಆಮೆಯೊಂದು ಕುಂಬಾರನ ಮಗಳ ಮದುವೆಗೆಂದು ಬೆನ್ನ ಮೇಲೆ ಗಡಿಗೆ ಹೊತ್ತು ಹೊರಟ ಕಥೆ ಹೇಳುತ್ತಿದ್ದಳು. ಭರಮ ಕೈ ಮೇಲೆತ್ತಿದ.

"ಆಯಿ, ಆ ಆಮಿನ್ನ ನೀ ನೋಡೀಯೇನು?"

"ಇಲ್ಲ ಬಾಳಾ."

"ಮತ್ತ ಯಾರ ಹೇಳಿದ್ರು? ಆಮಿಗೆ ಗಡಿಗಿ ಹೊರಾಕ ಬರತೈತೇನು?"

ಅತ್ತೆ ನನ್ನ ಕಡೆ ನೋಡಿದಳು. ನಾನು ಪಾಠ ಒಪ್ಪಿಸಿದ ಶಿಷ್ಯನನ್ನು ನೋಡುವ ಗುರುವಿನ ಹಾಗೆ ತಲೆಯಾಡಿಸುತ್ತಿದ್ದೆ. ಅವಳು ಕಲಸಿದ ಅನ್ನವನ್ನು ಸುಮ್ಮನೆ ತಾಟಿಗೆ ಹಾಕಿ, "ನಂಗೇನೂ ಗೊತ್ತಿಲ್ಲಪಾ. ಉಣ್ರಿ," ಎಂದು ಎದ್ದಳು. ಮರುದಿನ ಬೆಳಿಗ್ಗೆ ನೋಡಿದರೆ ಅವಳ ಗಂಟು ಕಟ್ಟಾಗಿತ್ತು.

"ಯಾಕತ್ತಿ? ಏನಾತು?"

"ಅಪ್ಪಣ್ಣಾ, ನಾ ಇಲ್ಲಿ ಹುಡುಗೂರಿಗೆ ಉಣಸಾಕ ಬಂದಿದ್ದೆ. ಸಾಕ್ಷಿ ಹೇಳಾಕ ಬಂದಿದ್ದಿಲ್ಲ. ನನ್ನ ಟೇಸನ್ನಿಗೆ ಬಿಡು."

ಎಷ್ಟು ಹೇಳಿದರೂ ಕೇಳಲಿಲ್ಲ. ರೈಲು ಹತ್ತಿ ಹೊರಟೇ ಹೋದಳು.

"ಈಗ ನೀವ ಉಣಸ್ರಿ, ನಿಮ್ಮ ಕಾಯ್ದೆ ಹೇಳಕೋಂತ," ಎಂದಳು ರತ್ನವ್ವ. ನಾನು ಉಣಿಸಲು ಕೂತೆ. ಸೂರ್ಯ ಎಷ್ಟು ದೂರದಲ್ಲಿದ್ದಾನೆ, ಭೂಮಿ ಹೇಗೆ ತಿರುಗುತ್ತದೆ ಎಂದೆಲ್ಲ ಖರೇ ಸಂಗತಿಗಳನ್ನೇ ಹೇಳಿದೆ. ಭರಮ ದವಡೆಯಲ್ಲಿ ತುತ್ತು ಇಟ್ಟುಕೊಂಡೇ ತೂಕಡಿಸಿದ. ಹೊತ್ತು ಮುಳುಗಿತು, ತಾಟು ಎತ್ತಿದರು, ಹುಡುಗ ಅರೆಹೊಟ್ಟೆಯಲ್ಲಿ ಮಲಗಿದ. ದಿನವೂ ಇದೇ ಹಾಡಾಯಿತು. ಅವನ ಕೆನ್ನೆ ಇಳಿಯಿತು. ಪದ್ಮಾವತಿ ಆಟಕ್ಕೂ ಹೋಗದೆ, ಅತ್ತೆ ಕೂಡುತ್ತಿದ್ದ ಮಣೆಯ ಪಕ್ಕದಲ್ಲೇ ಕೂಡತೊಡಗಿದಳು. ಸತ್ಯ ನಮ್ಮ ಮನೆಯನ್ನು ಇಷ್ಟು ಸಪ್ಪಗೆ ಮಾಡೀತೆಂದು ನಾನು ಎಣಿಸಿರಲಿಲ್ಲ.

ಕೊನೆಗೆ ಒಂದು ರವಿವಾರ ಮಕ್ಕಳನ್ನು ಕರೆದುಕೊಂಡು ಖಾನಾಪುರದ ರೈಲು ಹತ್ತಿದೆ. ಅತ್ತೆ ಕಟ್ಟೆಯ ಮೇಲೆ ಕೂತು ಅಕ್ಕಿ ಆರಿಸುತ್ತಿದ್ದಳು. ಭರಮ ಓಡಿ ಹೋಗಿ ಅವಳ ಮಡಿಲು ಹೊಕ್ಕ. ಅವಳು ಅವನ ಕೆನ್ನೆ ಸವರಿದಳು. ಕಣ್ಣಲ್ಲಿ ನೀರು ತುಂಬಿತು. ಬಿಗುಮಾನ ಮಾತ್ರ ಬಿಡಲಿಲ್ಲ.

"ಸುಳ್ಳ ಹೇಳೂ ಮುದುಕಿ ಕಡೆ ಯಾಕ ಬಂದ್ರಿ?"

ನಾನು ಬಾಯಿ ತೆರೆಯುವುದರೊಳಗೆ ಪದ್ಮಾವತಿ ಹೇಳಿದಳು: "ನೀ ಸುಳ್ಳ ಹೇಳೂದಿಲ್ಲ ಆಯಿ, ಕಥಿ ಹೇಳತಿ. ಸುಳ್ಳು ಅಂದ್ರ ಹೇಳಾವಂಗಷ್ಟ ಗೊತ್ತಿರತೈತಿ. ಕಥಿ ಅಂದ್ರ ಇಬ್ಬರಿಗೂ ಗೊತ್ತಿರತೈತಿ."

ನಾನು ಬೆರಗಾದೆ. "ಹಂಗಾದ್ರ ಮಾಸ್ತರರ ಮುಂದ ಯಾಕ ಹಂಗ ಹೇಳಿದಿ?"

"ಅವರು ಭಾಳ ಬ್ಯಾಸರಾಗಿ ಕುಂತಿದ್ರು. ಅದಕ್ಕ ಅವರಿಗೂ ಒಂದು ಕಥಿ ಹೇಳಿದೆ."

ಅತ್ತೆ ಮೊಮ್ಮಗಳನ್ನು ಬಾಚಿ ತಬ್ಬಿಕೊಂಡಳು. ಬೆಳಗಾವಿಗೆ ಮರಳಲು ಅಲ್ಲಿಯೇ ಒಪ್ಪಿಗೆಯೂ ಸಿಕ್ಕಿತು. ರೈಲಿಗೆ ಇನ್ನೂ ಹೊತ್ತಿತ್ತು. ಎಲ್ಲರೂ ಮಲಪ್ರಭೆಯ ದಂಡೆಗೆ ಹೋದೆವು. ತಂದೆಯ ಗೌರವವನ್ನು ಒಂದಿಷ್ಟಾದರೂ ಉಳಿಸಿಕೊಳ್ಳಬೇಕೆಂದು ನಾನು ಅಲ್ಲಿನ ಕರಿಬಂಡೆಯನ್ನು ತೋರಿಸಿ ಹೇಳಿದೆ: "ನೋಡ್ರಿ, ಇದು ಮಾತ್ರ ಕಥಿ ಅಲ್ಲ, ನಮ್ಮ ಮನೆತನದ ಖರೇ ಸಂಗತಿ. ನಮ್ಮಜ್ಜ ಈ ಬಂಡಿ ಮ್ಯಾಲ ಕುಂತು ಮಾರಿ ತೊಳಕೊಳ್ಳುವಾಗ ಬಾಜೂಕ ಹುಲಿ ಬಂದು ನೀರು ಕುಡೀತು. ಅಜ್ಜ ಅಲುಗಾಡಲಿಲ್ಲ."

ಅತ್ತೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಗತೊಡಗಿದಳು. ನಗು ತಡೆಯಲಾರದೆ ಬಂಡೆಯ ಮೇಲೆಯೇ ಕೂತುಬಿಟ್ಟಳು. "ಅಯ್ಯ ಅಪ್ಪಣ್ಣಾ! ನೀ ಸಣ್ಣಾಂವಿದ್ದಾಗ ನೀರಿಗೆ ಇಳ್ಯಾಕ ಅಂಜತಿದ್ದಿ. ಧೈರ್ಯ ಬರಲಿ ಅಂತ ನಾನ ಕಟ್ಟಿ ಹೇಳಿದ್ದು ಅದು! ನಮ್ಮಪ್ಪ ಹುಲಿ ಮುಂದ ಕೂಡಾಂವನ? ಬೆಕ್ಕು ಬಂದ್ರ ಮಂಚ ಏರತಿದ್ದ!"

ಆ ಹುಲಿಯ ಕಥೆಯನ್ನು ನಾನು ಕೋರ್ಟಿನ ವಕೀಲರಿಗೆಲ್ಲ ಹೇಳಿದ್ದೆ. ಸಿಡುಕಿನ ನ್ಯಾಯಾಧೀಶರೆದುರು ನಿಂತಾಗಲೆಲ್ಲ, ನನ್ನ ಮೈಯಲ್ಲಿರುವುದು ಆ ಅಜ್ಜನ ರಕ್ತವೆಂದು ನೆನೆದು ಎದೆ ಸೆಟೆಸಿದ್ದೆ. ಅದು ಮಂಚ ಏರಿದ ರಕ್ತವೆಂದು ಈಗ ತಿಳಿಯಿತು.

"ಅಪ್ಪಾ," ಎಂದ ಭರಮ ಮೆಲ್ಲಗೆ, "ನೀ ಆಗ ಆಯಿಗೆ ಮೂರು ಪ್ರಶ್ನಿ ಕೇಳಿದ್ದಿಲ್ಲೇನು?"

ಅತ್ತೆ ತೀರಿಕೊಂಡು ಈಗ ಬಹಳ ವರ್ಷಗಳಾದವು. ಮಕ್ಕಳಿಗೂ ಮಕ್ಕಳಾಗಿವೆ. ಆದರೂ ಆ ಸಂಜೆಯ ರೈಲು ನನ್ನ ಕಿವಿಯಲ್ಲಿ ಇನ್ನೂ ಓಡುತ್ತಿದೆ. ರೈಲಿನ ಡಬ್ಬಿ ಜನರಿಂದ ತುಂಬಿ ತುಳುಕುತ್ತಿತ್ತು. ಅತ್ತೆ ಭರಮನಿಗೆ ರೊಟ್ಟಿ ಮುರಿದು ಬಾಯಿಗಿಡುತ್ತ, ಅದೇ ಹುಲಿಯ ಕಥೆಯನ್ನು ಹೇಳುತ್ತಿದ್ದಳು. ಸುತ್ತಲಿನವರೆಲ್ಲ ಕಿವಿಗೊಟ್ಟು ಕೂತಿದ್ದರು. ಎದುರಿಗಿದ್ದ ರುಮಾಲಿನ ಮುದುಕರು ತಡೆಯಲಾರದೆ ನನ್ನ ಕಡೆ ತಿರುಗಿದರು.

"ನೀವು ಬೆಳಗಾವಿಯೊಳಗ ವಕೀಲರಂತ, ಅಜ್ಜಿ ಹೇಳಿದ್ರು. ನೀವ ಹೇಳ್ರಿ, ಇದು ಖರೇ ಏನ್ರೀ?"

ಅತ್ತೆ ರೊಟ್ಟಿ ಹಿಡಿದ ಕೈಯನ್ನು ಹಾಗೇ ನಿಲ್ಲಿಸಿದಳು. ನಾನು ಗಂಟಲು ಸರಿಪಡಿಸಿಕೊಂಡೆ.

"ಖರೇರಿ. ನಮ್ಮಜ್ಜನ ಸಂಗತಿ. ಆ ಹುಲೀದು ಒಂದು ಕಿವಿ ಹರಿದಿತ್ತು."

ಡಬ್ಬಿಯಲ್ಲೆಲ್ಲ ಮೆಚ್ಚುಗೆಯ ಉದ್ಗಾರ. ಭರಮ ಪ್ರಶ್ನೆ ಕೇಳಲೆಂದು ಕೈ ಮೇಲೆತ್ತಿದ. ಪದ್ಮಾವತಿ ಆ ಕೈಯನ್ನು ಹಿಡಿದು ಕೆಳಗಿಳಿಸಿ, ನನಗೂ ಕೇಳಿಸುವಂತೆಯೇ ಅವನ ಕಿವಿಯಲ್ಲಿ ಹೇಳಿದಳು:

"ಸುಮ್ಮನಿರೋ. ಅಪ್ಪಾ ಪಾಪ, ಈಗಷ್ಟ ಕಲಿಯಾಕತ್ತಾನ."